ಸರ್ವರ್ ಮೇಲಿನ ಸಿಂಧೂರ

"ಪುಟ್ಟರಾಜು, ಇದು ಯಾವ ಬಣ್ಣ?"

ಇನ್‌ಸ್ಪೆಕ್ಟರ್ ರೂಪಶ್ರೀ ಮೇಡಂ ಮೂಲೆಯಲ್ಲಿದ್ದ ಸರ್ವರ್ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತು, ಅದರ ಸ್ವಿಚ್ಚಿನ ಮೇಲೆ ಟಾರ್ಚ್ ಬಿಟ್ಟಿದ್ದರು. ನಾನು ಬಗ್ಗಿ ನೋಡಿದೆ. ಬಗ್ಗಿದ ತಪ್ಪಿಗೆ ಸೊಂಟ ಹಿಡಿದುಕೊಂಡಿತು.

"ಕುಂಕುಮ ಮೇಡಂ. ಆಯುಧ ಪೂಜೆದು. ನಮ್ ಜೀಪಿಗೂ ಇಟ್ಟಿದೀವಲ್ಲ."

"ನಾನು ಕೇಳಿದ್ದು ಬಣ್ಣ."

ಇನ್ನೊಮ್ಮೆ ನೋಡಿದೆ. ಮೇಜಿನ ಮೇಲಿದ್ದ ಕಂಪ್ಯೂಟರ್‌ಗಳ ಮೇಲೆ ಒಣಗಿ ಉಳಿದಿದ್ದ ಬೊಟ್ಟುಗಳನ್ನೂ ನೋಡಿದೆ. ಅವೆಲ್ಲ ಕೆಂಪು. ಇದೊಂದು ಕೇಸರಿ. ದಪ್ಪಗೆ, ಎಣ್ಣೆ ಜಿಡ್ಡಿನ ಕೇಸರಿ.

"ಇದು ಕುಂಕುಮ ಅಲ್ಲ ಮೇಡಂ, ಸಿಂಧೂರ. ಆಂಜನೇಯನ ಗುಡೀಲಿ ಕೊಡ್ತಾರಲ್ಲ, ಅದು."

ಮೇಡಂ ಎದ್ದು ನಿಂತು ಮಂಡಿಯ ಧೂಳು ಕೊಡವಿಕೊಂಡರು.

ವಿಷಯ ಇಷ್ಟೇ. ಮಲ್ಲಿಪಟ್ಟಣದಾಚೆಯ ಕೆರೆಕೋಡಿ ಕೊಪ್ಪಲಿನಲ್ಲಿ ಆಯುಧ ಪೂಜೆ ಕಳೆದ ಮೇಲೆ ಒಂದು ದಿನ ಆನೆ ಬಂದರೂ, ಕ್ಯಾಮೆರಾದಲ್ಲಿ ಅದನ್ನು ಕಂಡು ಊರನ್ನು ಎಚ್ಚರಿಸಬೇಕಾದ ಸೈರನ್ ಕೂಗಲಿಲ್ಲ, ಬೆಳಗ್ಗೆ ಶುಂಠಿ ಹೊಲಕ್ಕೆ ಹೋದ ಚನ್ನಪ್ಪ ಸತ್ತ. ಸೈರನ್ ಕಂಬ ನೋಡಿಕೊಳ್ಳುವ ನಟರಾಜು ಅದನ್ನು ಆರಿಸಿಟ್ಟಿದ್ದ ಅಂತ ಊರಿಗೆ ಊರೇ ಹೇಳುತ್ತಿತ್ತು. ನಾನು ಆರಿಸಿಲ್ಲ, ಅದು ತಾನಾಗೇ ಕೂಗಲಿಲ್ಲ ಅಂತ ನಟರಾಜು. ಯಾರ ಮಾತು ನಿಜ ಅಂತ ಹೇಳಬೇಕಾಗಿದ್ದದ್ದು ಸೈರನ್ ನಡೆಸುವ ಪ್ರೋಗ್ರಾಮ್. ಅದನ್ನು ಬರೆದ ಹಾಸನದ ಈ ಕಂಪನಿಯಲ್ಲಿ, ಸಾವಿನ ಮಾರನೇ ದಿನವೇ ಆ ಪ್ರೋಗ್ರಾಮ್ ಅಳಿಸಿಹೋಗಿತ್ತು.

ಇವತ್ತು ಸಂಜೆಯೊಳಗೆ ಬೇರೆ ಏನೂ ಸಿಗದಿದ್ದರೆ ನಟರಾಜುವನ್ನು ಬಂಧಿಸಿ ಅಂತ ಮೇಲಿನವರು ಹೇಳಿಬಿಟ್ಟಿದ್ದರು. ಅವನ ತಾಯಿ ಮುದ್ದಮ್ಮ ಬೆಳಗ್ಗೆ ಮೊದಲ ಬಸ್ಸಿಗೇ ಬಂದು, ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಎದ್ದು ಹೋಗಮ್ಮ ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ.

ಒಳಗಡೆ ಲ್ಯಾಪ್‌ಟಾಪಿನ ಮುಂದೆ ರಂಜಿತಾ ಕೂತಿದ್ದಳು. ಈ ಕಂಪನಿಯ ಎಂಜಿನಿಯರ್. ಅಳಿಸಿದ್ದು ನೀನೇ ಅಂತ ಮಾಲೀಕ ಅವಳನ್ನು ಮನೆಗೆ ಕಳಿಸಿದ್ದ. ಹೊಳೆನರಸೀಪುರದ ಅಪ್ಪನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತವಳನ್ನು ನಾವೇ ಹೋಗಿ ಕರೆತಂದಿದ್ದೆವು. ಕಣ್ಣು ಊದಿಕೊಂಡಿದ್ದವು.

"ರಂಜಿತಾ, ಇವರಿಗೆ ಇನ್ನೊಂದ್ಸಲ ಹೇಳು," ಅಂದರು ಮೇಡಂ, ನನ್ನ ಕಡೆ ತೋರಿಸಿ. "ಇವರಿಗೆ ಅರ್ಥವಾದ್ರೆ ಕೋರ್ಟಿಗೂ ಅರ್ಥವಾಗುತ್ತೆ."

ಹೊಗಳಿದರೋ ತೆಗಳಿದರೋ ತಿಳಿಯಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಕೂತೆ.

"ಆಫೀಸಿನ ಸರ್ವರ್ ಕೆಟ್ಟುಹೋದ್ರೆ ಕೋಡ್ ಎಲ್ಲಾ ಹೋಗುತ್ತಲ್ಲ ಸರ್," ಅಂದಳು ರಂಜಿತಾ. "ಅದಕ್ಕೆ ಅದರದೊಂದು ಪ್ರತೀನ ದೂರದಲ್ಲಿ, ಬಾಡಿಗೆ ಜಾಗದಲ್ಲಿ ಇಡ್ತೀವಿ. ಅದೇ ಕ್ಲೌಡ್. ಆ ಜಾಗಕ್ಕೆ ಬಕೆಟ್ ಅಂತಾರೆ."

"ಬಕೆಟ್ಟು."

"ಹೂಂ ಸರ್. ಸರ್ವರ್ ಆನ್ ಇದ್ರೆ, ದಿನಾ ಸಂಜೆ ತಾನಾಗೇ ಒಂದು ಪ್ರತಿ ಅಲ್ಲಿಗೆ ಹೋಗುತ್ತೆ. ಆಫ್ ಇದ್ರೆ ಹೋಗಲ್ಲ."

ಇಲಾಖೆಯಲ್ಲಿ ಇಷ್ಟು ವರ್ಷ ಬಗೆಬಗೆಯ ಬಕೆಟ್ ಹಿಡಿಯುವವರನ್ನು ನೋಡಿದ್ದೇನೆ. ಕೋಡ್ ತುಂಬಿಡುವ ಬಕೆಟ್ಟಿನ ವಿಷಯ ಕೇಳಿದ್ದು ಇದೇ ಮೊದಲು.

"ಆ ಪ್ರತೀನೂ ಅಳಿಸಿಹೋಗಿದೆ ಅಂದ್ರಲ್ಲಮ್ಮ?"

"ಅಳಿಸಿದೋರು ಹಂಗಂದುಕೊಂಡಿದಾರೆ ಸರ್. ನಾನು ಬಕೆಟ್ ಮಾಡುವಾಗ ವರ್ಷನಿಂಗ್ ಆನ್ ಮಾಡಿದ್ದೆ. ಅಂದ್ರೆ ಡಿಲೀಟ್ ಒತ್ತಿದ್ರೂ ಮೇಲೊಂದು ಪರದೆ ಎಳೆದಂಗೆ ಅಷ್ಟೇ. ಕೆಳಗಿನ ಹಳೇ ಪ್ರತಿಗಳು ಹಾಗೇ ಇರ್ತವೆ."

"ಅವನ್ನೂ ಅಳಿಸೋಕೆ ಆಗಲ್ವಾ?" ಮೇಡಂ ಕೇಳಿದರು.

"ಆಗುತ್ತೆ ಮೇಡಂ. ಪರದೆ ಎತ್ತಿ, ಒಂದೊಂದನ್ನೇ ಹೆಕ್ಕಿ ಅಳಿಸಬೇಕು. ಅದೂ ಆಗದ ಹಾಗೆ ಬೀಗ ಹಾಕೋ ಸೌಲಭ್ಯ ಇತ್ತು. ನಮ್ ಮಾಲೀಕರಿಗೆ ಹಾಕೋಣ ಸಾರ್ ಅಂದೆ. ಆಮೇಲೆ ನೋಡೋಣ ಅಂದ್ರು."

"ಮೊದಲು ಅಳಿಸಿದ್ದು ಯಾರು ಅಂತ ಬಕೆಟ್ ಹೇಳಲ್ವಾ?"

"ಯಾರು ಒಳಗೆ ಬಂದ್ರು ಅನ್ನೋ ದಾಖಲೆ ಇಡೋದನ್ನ ನಾವು ಆನ್ ಮಾಡಿರಲಿಲ್ಲ ಮೇಡಂ. ಬೆಳಗ್ಗೆ ನೀವು ಹೇಳಿದ ಮೇಲೆ ಮಾಡಿದೆ. ಇನ್ನು ಮುಂದೆ ಯಾರು ಬಂದ್ರೂ ಗೊತ್ತಾಗುತ್ತೆ."

ಹೇಳುತ್ತಲೇ ಅವಳು ಏನನ್ನೋ ಒತ್ತಿದಳು. ಖಾಲಿಯಿದ್ದ ತೆರೆಯ ಮೇಲೆ ಸಾಲುಸಾಲಾಗಿ ತಾರೀಖುಗಳು ಮೂಡಿದವು. ಸತ್ತವರ ಹೆಸರು ಕರೆದರೆ ಓಗೊಟ್ಟ ಹಾಗಾಯಿತು. ನನಗೆ ನಿಜಕ್ಕೂ ಸಂತೋಷವಾಯಿತು, ಬೆಂಚಿನ ಮೇಲಿನ ಮುದ್ದಮ್ಮನಿಗೆ ಹೇಳಿಬರೋಣ ಅನ್ನಿಸಿತು.

ಮೇಡಂ ಬೆರಳಿಟ್ಟು ಸಾಲುಗಳನ್ನು ಓದುತ್ತಾ ಬಂದರು. ಒಂದು ತಾರೀಖಿನ ಹತ್ತಿರ ಬೆರಳು ನಿಂತಿತು.

"ಇದು ಆಯುಧ ಪೂಜೆ ದಿನ."

ರಂಜಿತಾ ಬಗ್ಗಿ ನೋಡಿದಳು. ಅವಳ ಮುಖ ಸಪ್ಪಗಾಯಿತು. "ಇರೋಕೆ ಸಾಧ್ಯವಿಲ್ಲ ಮೇಡಂ. ಅವತ್ತು ಬೆಳಗ್ಗೆ ಎಲ್ಲಾ ಆರಿಸಿ ಪೂಜೆ ಮಾಡಿದ್ವಿ. ಸರ್ವರ್ ಸ್ವಿಚ್ಚಿಗೆ ನಾನೇ ಕುಂಕುಮ ಇಟ್ಟು, ಸೇವಂತಿಗೆ ಹಾಕಿದ್ದು. ಬಾಗಿಲು ಹಾಕ್ಕೊಂಡು ಎಲ್ಲರೂ ಊರಿಗೆ ಹೋದ್ವಿ. ಪೂಜೆಗಿಟ್ಟಿದ್ದನ್ನ ಮಾರನೇ ದಿನದವರೆಗೆ ಯಾರೂ ಮುಟ್ಟಲ್ಲ."

"ಕೆಂಪು ಕುಂಕುಮನಾ?"

"ಕೆಂಪೇ ಮೇಡಂ. ಅಮ್ಮ ಕಟ್ಟಿಕೊಟ್ಟಿದ್ದು."

"ಆ ದಿನದ ಪ್ರತಿ ಇಳಿಸ್ಕೋ. ಈಗಲೇ."

ಇಳಿಸಿಕೊಳ್ಳುವುದು ನೀರು ಸೇದಿದಷ್ಟು ಸುಲಭವಾಗಿರಲಿಲ್ಲ. ಕಾಡಂಚಿನ ಕ್ಯಾಮೆರಾಗಳು ತೆಗೆದ ಆನೆ ಚಿತ್ರಗಳನ್ನೂ ಈ ಪುಣ್ಯಾತ್ಮರು ಕೋಡಿನ ಜೊತೆಗೇ ತುರುಕಿದ್ದರಂತೆ. ತುಂಡು ತುಂಡಾಗಿ ಇಳಿಯಬೇಕು, ಇಂಟರ್‌ನೆಟ್ಟು ಬೇರೆ ತೆವಳುತ್ತಿತ್ತು. ತೆರೆಯ ಮೇಲೊಂದು ಹಸಿರು ಗೀಟು ಕಾಣಿಸಿಕೊಂಡು ಇರುವೆಯ ಹಾಗೆ ಮುಂದಕ್ಕೆ ಸರಿಯತೊಡಗಿತು.

ಅಷ್ಟರಲ್ಲಿ ನಾನು ಎರಡು ಲೋಟ ಟೀ ಹಿಡಿದು ಹೊರಗೆ ಹೋದೆ.

"ತಗೊಳಮ್ಮ, ಬಿಸಿ ಇದೆ."

ಮುದ್ದಮ್ಮ ಲೋಟ ತೆಗೆದುಕೊಂಡಳು, ಕುಡಿಯಲಿಲ್ಲ. "ಒಳಗ್ ಏನಂತಾರೆ ಸಾ?"

"ನೋಡ್ತಾವ್ರೆ. ಸಿಕ್ಕೋ ಹಂಗದೆ."

"ನನ್ ಮಗ ಆ ಕಂಬಾನ ದ್ಯಾವ್ರಂಗೆ ನೋಡ್ಕತಿದ್ದ ಸಾ. ಆಯುಧ ಪೂಜೆ ದಿಸ ಅದ್ಕೂ ಬೊಟ್ಟಿಕ್ಕಿ ಕಾಯಿ ಒಡ್ದ. ಒಡ್ದ ಬೂದ್ಗುಂಬಳ ನಮ್ ಇತ್ಲಲ್ಲಿ ಬಿಟ್ಟಿದ್ದೇಯ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಚನ್ನಪ್ಪಾರು ಇವುನ್ನ ಮಗೀನಿಂದ ಕಂಡೋರು. ಏನ್ಲಾ ನಟ, ನಿನ್ ಆನೆ ಎಲ್ಲವ್ಲಾ ಅಂತ ದಿನಾ ರೇಗ್ಸೋರು. ಅವ್ರ ಮಣ್ಣಿಗ್ ಓಗಕ್ಕೂ ಬುಡ್ನಿಲ್ಲ ಸಾ. ಕಾಲೋನಿಯೋರ ಕೈಗೆ ಕಂಬ ಕೊಟ್ರೆ ಇಂಗೇಯ ಆಗಾದು ಅಂದ್ರು. ಅಂದೋರು ನಮ್ಮೋರೇ, ನಿತ್ಯ ಕಂಡೋರು."

ಅಂದವರ ಪೈಕಿ ನನ್ನ ಜಾತಿಯವರೂ ಇದ್ದರು ಅನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾಚಿಕೆಯಾಯಿತು. ಟೀ ಕುಡಿಯಮ್ಮ ಅಂತಷ್ಟೇ ಹೇಳಿ ಒಳಗೆ ಬಂದೆ.

ಬರುವಷ್ಟರಲ್ಲಿ ಮಾಲೀಕ ಅರುಣ್‌ಕುಮಾರ್ ಹಿಂಬಾಗಿಲಿಂದ ಬಂದು ಮೇಡಂ ಎದುರು ಕೂತಾಗಿತ್ತು. ಚನ್ನರಾಯಪಟ್ಟಣದ ಕಡೆಯವನು, ಇಸ್ತ್ರಿ ಮುರಿಯದ ಬಿಳಿ ಅಂಗಿ, ನಯವಾದ ಮಾತು. ಹಣೆಯ ಮೇಲೆ ಉದ್ದಕ್ಕೆ ಎಳೆದ ಕೇಸರಿ ಬೊಟ್ಟು.

ನಾನು ಆ ಬೊಟ್ಟನ್ನು ನೋಡಿದೆ, ಮೇಡಂ ಮುಖ ನೋಡಿದೆ. ಅವರ ಮುಖದಲ್ಲಿ ಏನೂ ಇರಲಿಲ್ಲ.

"ಹಬ್ಬದ ದಿನ ಎಲ್ಲಿದ್ರಿ ಅರುಣ್‌ಕುಮಾರ್?"

"ಆಗಲೇ ಹೇಳಿದೀನಲ್ಲ ಮೇಡಂ, ಊರಲ್ಲಿ. ಬೆಳಗ್ಗೆ ಇಲ್ಲಿ ಪೂಜೆ ಮುಗಿಸಿ ಹೊರಟೋನು, ಹಿರೀಸಾವೆ ಹತ್ರ ಊಟಕ್ಕೆ ನಿಲ್ಲಿಸಿದ್ದು ಬಿಟ್ರೆ ನೇರ ಮನೆಗೇ."

ಹಿರೀಸಾವೆ ನನ್ನ ಊರು. ನಾನು ಗಂಟಲು ಸರಿಮಾಡಿಕೊಂಡೆ. "ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗೋರಿಗೆ ಹಿರೀಸಾವೆ ಸಿಕ್ಕಲ್ವಲ್ಲ ಸಾರ್. ಅದು ಇನ್ನೂ ಮುಂದೆ, ಬೆಂಗಳೂರು ದಿಕ್ಕಿಗಿದೆ."

"ಯಾವುದೋ ಹೋಟ್ಲು. ಹೆಸರು ನೆನಪಿಲ್ಲ."

"ಹೋಗ್ಲಿ ಬಿಡಿ," ಅಂದರು ಮೇಡಂ. "ಜೇಬಲ್ಲೇನಿದೆ?"

"ಏನು?"

"ಅಂಗಿ ಜೇಬಲ್ಲಿ. ಕಾಗದದ ಪೊಟ್ಟಣದ ತುದಿ ಕಾಣ್ತಿದೆ."

ಅವನು ತಗ್ಗಿ ನೋಡಿಕೊಂಡು ನಕ್ಕ. "ಪ್ರಸಾದ ಮೇಡಂ. ಆಂಜನೇಯನದು. ಯಾವಾಗ್ಲೂ ಇಟ್ಕೊಂಡಿರ್ತೀನಿ."

"ಪುಟ್ಟರಾಜು, ಟಾರ್ಚ್."

ಮೇಡಂ ಕೂತಲ್ಲಿಂದಲೇ ಸರ್ವರ್ ಕಡೆ ಬೆಳಕು ಹಾಯಿಸಿದರು. ಸ್ವಿಚ್ಚಿನ ಮೇಲಿನ ಕೇಸರಿ ಬೊಟ್ಟು ಹೊಳೆಯಿತು. ಅರುಣ್‌ಕುಮಾರ್ ಅದನ್ನು ನೋಡಿದ, ಅವನ ನಗು ಅಲ್ಲೇ ಬತ್ತಿತು.

"ಸ್ವಿಚ್ ಒತ್ತಿದಾಗ ರಂಜಿತಾ ಇಟ್ಟಿದ್ದ ಕುಂಕುಮ ಬೆರಳಿಗೆ ಬಂತು," ಅಂದರು ಮೇಡಂ, ಮೆಲ್ಲಗೆ, ಮಕ್ಕಳಿಗೆ ಕತೆ ಹೇಳುವ ಹಾಗೆ. "ಬಟ್ಟೇಲಿ ಒರೆಸಿ ಹಾಗೇ ಹೋಗಿದ್ರೆ ಯಾರೂ ಗಮನಿಸ್ತಿರಲಿಲ್ಲ. ಆದರೆ ಪೂಜೆಗಿಟ್ಟಿದ್ದನ್ನ ಮುಟ್ಟಿದೆನಲ್ಲ ಅಂತ ಹೆದರಿಕೆಯಾಯ್ತು. ಬೊಟ್ಟಿಲ್ಲದೆ ಬಿಡೋಕೆ ಮನಸ್ಸು ಬರಲಿಲ್ಲ. ಜೇಬಲ್ಲಿದ್ದಿದ್ದನ್ನ ಇಟ್ರಿ."

ಅವನ ಕೈ ತಾನಾಗೇ ಜೇಬಿನ ಪೊಟ್ಟಣದ ಮೇಲೆ ಹೋಯಿತು.

"ಅವತ್ತು ಸಂಜೆ ಈ ಸರ್ವರ್ ಆನ್ ಆಗಿತ್ತು. ಆನ್ ಆಗಿದ್ದಕ್ಕೆ ಅವತ್ತಿನ ಪ್ರತಿ ಬಕೆಟ್ಟಿಗೆ ಹೋಗಿದೆ. ಈಗ ಅದು ಇಲ್ಲಿಗೆ ಇಳಿದು ಬರ್ತಿದೆ. ಇಳಿದ ಮೇಲೆ ನೀವು ಏನು ಬದಲಾಯಿಸಿದ್ರಿ ಅಂತ ನಾವೇ ಓದ್ಕೋತೀವಿ. ಅದಕ್ಕೆ ಮುಂಚೆ ನೀವೇ ಹೇಳಿದ್ರೆ ನಿಮಗೂ ಒಳ್ಳೇದು."

ಹಸಿರು ಗೀಟು ಅರ್ಧ ದಾಟಿತ್ತು. ಅವನು ಅದನ್ನೇ ನೋಡುತ್ತಿದ್ದ. ಹಣೆಯ ಬೆವರಿಗೆ ಸಿಂಧೂರ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು.

"ಹಬ್ಬದ ದಿನ ಬೆಳಗ್ಗೆಯಿಂದ ಸುಳ್ಳೇ ಕೂಗ್ತಿತ್ತು ಮೇಡಂ," ಅಂದ ಕೊನೆಗೆ. ನಯವಾದ ಮಾತು ಎಲ್ಲಿಗೆ ಹೋಯಿತೋ. "ಎಮ್ಮೆ ಕಂಡ್ರೂ ಕೂಗೋದು, ಟ್ರ್ಯಾಕ್ಟರ್ ಕಂಡ್ರೂ ಕೂಗೋದು. ಹಬ್ಬದೂಟ ಬಿಟ್ಟು ಜನ ಮನೆಯೊಳಕ್ಕೆ ಓಡಿದಾರೆ. ಒಂದೂರಲ್ಲ, ಎಲ್ಲಾ ಊರಿಂದಾನೂ ಫೋನು. ಬಾಯಿಗ್ ಬಂದಂಗೆ ಬೈದ್ರು. ಅರ್ಧ ದಾರೀಲಿ ಕಾರು ತಿರುಗಿಸ್ಕೊಂಡ್ ಬಂದೆ."

"ಬಂದು?"

"ಎರಡು ಕ್ಯಾಮೆರಾದಲ್ಲಿ ಆನೆ ಕಂಡ್ರೆ ಮಾತ್ರ ಕೂಗಲಿ ಅಂತ ಮಾಡ್ದೆ. ಸುಳ್ಳು ಕೂಗು ನಿಲ್ಲುತ್ತೆ ಅಂತ. ಬೇರೇನೂ ಇಲ್ಲ, ದೇವರಾಣೆ."

ರಂಜಿತಾ ಕುರ್ಚಿಯಿಂದ ಅರ್ಧ ಎದ್ದಳು. "ಸಾರ್, ಕೆರೆಕೋಡಿ ಕೊಪ್ಪಲಲ್ಲಿರೋದು ಒಂದೇ ಕ್ಯಾಮೆರಾ."

"ಗೊತ್ತು."

"ಅಲ್ಲಿ ಎರಡನೇದು ಹಾಕೇ ಇಲ್ಲ. ಇನ್ನು ಹೆಂಗ್ ಕೂಗುತ್ತೆ ಸಾರ್ ಅದು?"

"ಗೊತ್ತು ಅಂದ್ನಲ್ಲ." ಅವನ ದನಿ ಒಡೆಯಿತು. "ಈಗ ಗೊತ್ತು. ಅವತ್ತು ಹೊಳೀಲಿಲ್ಲ. ಚನ್ನಪ್ಪ ಸತ್ತ ಅಂತ ಫೋನ್ ಬಂದಾಗ ಹೊಳೀತು."

ನನ್ನ ಮೈಯೆಲ್ಲ ಉರಿಯಿತು. ಒಬ್ಬ ಹೊಲಕ್ಕೆ ಹೋದವನು ಹೆಣವಾಗಿ ಬಂದ. ಇನ್ನೊಬ್ಬ ಮಾಡದ ತಪ್ಪಿಗೆ ಊರ ಕಣ್ಣಲ್ಲಿ ಕೊಲೆಗಾರನಾದ. ಇವನು ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು, ಬಿಳಿ ಅಂಗಿ ತೊಟ್ಟು ಓಡಾಡಿಕೊಂಡಿದ್ದ. ಮೇಡಂ ಇಲ್ಲದಿದ್ದರೆ ನಾನು ಕೈಮಾಡಿಬಿಡುತ್ತಿದ್ದೆನೋ ಏನೋ.

"ಆಮೇಲೆ ಹೆದರಿ ಎಲ್ಲಾ ಅಳಿಸಿದ್ರಿ," ಅಂದರು ಮೇಡಂ.

"ಇಲ್ಲ."

"ಅರುಣ್‌ಕುಮಾರ್."

"ಇಲ್ಲ ಮೇಡಂ. ಬದಲಾಯಿಸಿದ್ದು ನಾನು, ಒಪ್ಕೋತೀನಿ. ಅಳಿಸಿದ್ದು ನಾನಲ್ಲ. ಆ ಬಕೆಟ್ಟಿಗೆ ಬಾಗಿಲು ಎಲ್ಲಿದೆ ಅಂತಾನೂ ನಂಗೊತ್ತಿಲ್ಲ. ಎಲ್ಲಾ ಅಳಿಸಿಹೋಗಿದೆ ಅಂದಾಗ ದೇವರೇ ಕಾಪಾಡಿದ ಅಂದ್ಕೊಂಡು ಸುಮ್ಮನಿದ್ದೆ. ಅಷ್ಟೇ."

"ಪುಟ್ಟರಾಜು, ಇವರ ಹೇಳಿಕೆ ಬರ್ಕೊಳಿ. ಮೊದಲಿಂದ."

ನಾನು ಕಾಗದ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದೆ. ಇನ್ನೇನು ಅವನ ಹೆಸರು ಬರೆಯಬೇಕು.

"ಮೇಡಂ," ಅಂದಳು ರಂಜಿತಾ.

ಅವಳ ದನಿ ಕೇಳಿಯೇ ನಾವೆಲ್ಲ ತಿರುಗಿದೆವು. ತೆರೆಯ ಮೇಲಿನ ತಾರೀಖುಗಳ ಸಾಲಿನಲ್ಲಿ ಮೇಲಿನದೊಂದು ಇರಲಿಲ್ಲ. ನೋಡುತ್ತಿದ್ದ ಹಾಗೆ ಅದರ ಕೆಳಗಿನದೂ ಮಾಯವಾಯಿತು. ಆಮೇಲೆ ಇನ್ನೊಂದು.

"ಯಾರೋ ಒಳಗಿದಾರೆ. ಒಂದೊಂದೇ ಹೆಕ್ಕಿ ಅಳಿಸ್ತಿದಾರೆ."

ಮೇಡಂ ಕಣ್ಣು ಮೊದಲು ಹೋದದ್ದು ಅರುಣ್‌ಕುಮಾರ್ ಕೈಗಳ ಮೇಲೆ. ಎರಡೂ ಕೈ ಮೇಜಿನ ಮೇಲಿದ್ದವು. ಅವನು ಬಂದ ಕೂಡಲೇ ಮೇಡಂ ತೆಗೆದಿಟ್ಟುಕೊಂಡಿದ್ದ ಅವನ ಫೋನು ಅವರ ಪಕ್ಕದಲ್ಲೇ ಇತ್ತು.

"ನಿಲ್ಲಿಸು ರಂಜಿತಾ."

"ಯಾವ ಕೀಯಿಂದ, ಅಂದ್ರೆ ಯಾರ ಪಾಸ್ವರ್ಡಿಂದ ಬಂದಿದಾರೆ ಗೊತ್ತಾಗ್ಬೇಕು ಮೇಡಂ, ಅದನ್ನ ಬಂದ್ ಮಾಡ್ಬೇಕು. ಒಂದ್ನಿಮಿಷ, ಒಂದ್ನಿಮಿಷ." ಅವಳ ಬೆರಳುಗಳು ಕೀಲಿಮಣೆಯ ಮೇಲೆ ಓಡುತ್ತಿದ್ದವು.

ಆಯುಧ ಪೂಜೆಯ ದಿನದ ಸಾಲು ಹೋಯಿತು. ಅದರ ಹಿಂದೆಯೇ ಹಸಿರು ಗೀಟು ನಿಂತಿತು. ಕೊನೆಯ ತುಂಡುಗಳು ಇನ್ನೂ ಇಳಿದಿರಲಿಲ್ಲ.

"ಇಳಿದಿರೋ ಅಷ್ಟರಲ್ಲಿ ಏನಾದ್ರೂ ತೆಗೆಯೋಕಾಗುತ್ತಾ?"

"ಪೂರ್ತಿ ಇಲ್ದಿದ್ರೆ ತೆರೆಯೋದೇ ಇಲ್ಲ ಮೇಡಂ."

ರಂಜಿತಾ ಕೊನೆಗೂ ಅದೇನನ್ನೋ ಬಂದ್ ಮಾಡಿದಳು. ಅಳಿಯುವುದು ನಿಂತಿತು. ಉಳಿದದ್ದು ಹಬ್ಬಕ್ಕಿಂತ ಹಿಂದಿನ, ಯಾರಿಗೂ ಬೇಡದ ಹಳೆಯ ಸಾಲುಗಳು.

ಅರುಣ್‌ಕುಮಾರ್ ನಿಧಾನಕ್ಕೆ ಕರ್ಚೀಫ್ ತೆಗೆದು ಮೂಗಿನ ಮೇಲಿನ ಸಿಂಧೂರ ಒರೆಸಿಕೊಂಡ. ನನ್ನ ಕೈಯಲ್ಲಿದ್ದ ಖಾಲಿ ಕಾಗದ ನೋಡಿದ.

"ನಾನು ಗಾಬರಿಯಲ್ಲಿ ಏನೇನೋ ಅಂದ್ಬಿಟ್ಟೆ ಮೇಡಂ," ಅಂದ. ದನಿಗೆ ಮತ್ತೆ ನಯ ಬಂದಿತ್ತು. "ಹಬ್ಬದ ದಿನ ನಾನು ಊರಲ್ಲೇ ಇದ್ದಿದ್ದು. ಏನಿದ್ರೂ ನಮ್ಮ ವಕೀಲರ ಹತ್ರ ಮಾತಾಡಿ."

ಮೇಡಂ ತೆರೆಯ ಕಡೆ ತಿರುಗಿದರು. "ಯಾರ ಕೀ ರಂಜಿತಾ?"

ಅವಳು ಲ್ಯಾಪ್‌ಟಾಪ್ ಈ ಕಡೆ ತಿರುಗಿಸಿದಳು. ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಹೆಸರಿತ್ತು. ನಾನೂ ಕೂಡಿಸಿಕೊಂಡು ಓದಿದೆ. ಕೆರೆಕೋಡಿ ಕೊಪ್ಪಲು ಕಂಬ.

"ಒಂದೊಂದು ಸೈರನ್ ಕಂಬಕ್ಕೂ ನಾನು ಬೇರೆ ಬೇರೆ ಕೀ ಕೊಟ್ಟಿದ್ದೆ ಮೇಡಂ. ಚಿತ್ರ ಕಳಿಸೋಕೆ. ಪರೀಕ್ಷೆ ಮಾಡೋವಾಗ ಎಲ್ಲಾ ಅಧಿಕಾರಾನೂ ಕೊಟ್ಟಿದ್ದೆ, ವಾಪಸ್ ತೆಗೆಯೋದು ಮರೆತೆ." ಅವಳು ಅಳು ನುಂಗಿಕೊಂಡಳು. "ಆ ಕೀ ಇರೋದು ಕಂಬದ ಪೆಟ್ಟಿಗೆ ಒಳಗೆ ಮಾತ್ರ. ಪೆಟ್ಟಿಗೆ ತೆಗೆದು, ಒಳಗಿನ ಯಂತ್ರಕ್ಕೆ ಲ್ಯಾಪ್‌ಟಾಪ್ ಸಿಕ್ಕಿಸಿದ್ರೆ ಮಾತ್ರ ಇದಾಗುತ್ತೆ."

"ಅಂದ್ರೆ ಈಗ, ಈ ಗಳಿಗೇಲಿ, ಯಾರೋ ಆ ಕಂಬದ ಹತ್ತಿರ ನಿಂತಿದಾರೆ."

"ಹೌದು ಮೇಡಂ."

ನನ್ನ ತಲೆ ಕೆಲಸ ಮಾಡುವುದನ್ನೇ ನಿಲ್ಲಿಸಿತು. ನಟರಾಜುವನ್ನು ಉಳಿಸಬೇಕಾಗಿದ್ದ ಒಂದೇ ಒಂದು ಸಾಕ್ಷಿ, ನಟರಾಜು ಕಾಯುವ ಕಂಬದಿಂದಲೇ ಅಳಿಸಿಹೋಗಿತ್ತು.

ಮೇಡಂ ಹೊರಗೆ ನಡೆದರು. ನಾನು ಹಿಂದೆ ಹೋದೆ, ಕಾಗದ ಪೆನ್ನು ಕೈಯಲ್ಲೇ ಇದ್ದವು. ಮುದ್ದಮ್ಮ ನಮ್ಮನ್ನು ಕಂಡು ಬೆಂಚಿನಿಂದ ಎದ್ದಳು. ಟೀ ಲೋಟ ಕೆನೆಕಟ್ಟಿ ಪಕ್ಕದಲ್ಲೇ ಕೂತಿತ್ತು.

"ಸಿಕ್ತಾ ಕಣವ್ವ? ನನ್ ಮಗ ಆರುಸ್ನಿಲ್ಲ ಅಂತ ಅದ್ರಾಗೈತಾ?"

"ಅಮ್ಮಾ," ಅಂದರು ಮೇಡಂ. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಆ ಕಂಬದ ಪೆಟ್ಟಿಗೆಗೆ ಬೀಗ ಇದೆಯಲ್ಲ, ಅದರ ಇನ್ನೊಂದು ಬೀಗದ ಕೈ ಯಾರ ಹತ್ತಿರ ಇದೆ? ಚೆನ್ನಾಗಿ ಯೋಚನೆ ಮಾಡಿ ಹೇಳಿ."

ಮುದ್ದಮ್ಮನ ಬೆನ್ನು ನೆಟ್ಟಗಾಯಿತು. ಇಷ್ಟು ದಿನದಲ್ಲಿ ಯಾರೋ ಒಬ್ಬರು ತನ್ನ ಮಗನ ಜವಾಬ್ದಾರಿಯ ಬಗ್ಗೆ ಮರ್ಯಾದೆಯಿಂದ ಕೇಳಿದ್ದು ಇದೇ ಮೊದಲಿರಬೇಕು.

"ಇನ್ನೊಂದಿಲ್ಲ ಕಣವ್ವ. ಇರಾದು ಒಂದೇಯ. ನನ್ ಮಗನ ಉಡ್ದಾರದಾಗೇ ಇರ್ತದೆ. ನೀರ್ ಉಯ್ಕಳ್ವಾಗ್ಲೂ ಬಿಚ್ಚಕಿಲ್ಲ. ಪಂಚಾಯ್ತಿಯೋರು ಕೇಳುದ್ರೂ ಕೊಟ್ಟೋನಲ್ಲ." ಅವಳು ನನ್ನ ಕಡೆ ತಿರುಗಿ, ಕೈಯಲ್ಲಿದ್ದ ಕಾಗದ ತೋರಿಸಿದಳು. "ಅವುನ್ ಬುಟ್ಟು ಬ್ಯಾರೆ ಯಾರೂ ಆ ಪೆಟ್ಗೆ ತೆಗ್ಯಕ್ ಆಗಾಕಿಲ್ಲ ಸಾ. ಬೇಕಾರೆ ನನ್ ಎಸ್ರಾಕಿ ಬರ್ಕಳಿ."